ಸಂಬಳಕ್ಕೆ ದುಡ್ಡು ಎಲ್ಲಿಂದ? ಟ್ರಸ್ಟ್ ಶುರು ಮಾಡುವವರ ಪ್ರಶ್ನೆಗಳು

ಪ್ರಶ್ನೆ: ಮೇಡಂ, ನಮಸ್ಕಾರ. ಕೊಪ್ಪಳ ಕಡೆಯ ಹಳ್ಳಿಯವರು ನಾವು, ಐದು ಜನ ಗೆಳೆಯರು. ಸಂಜೆ ಮಕ್ಕಳಿಗೆ ಪಾಠ, ಜೊತೆಗೊಂದು ಸಣ್ಣ ಗ್ರಂಥಾಲಯ ನಡೆಸ್ತಿದ್ದೀವಿ. ಈಗ ರಿಜಿಸ್ಟರ್ ಮಾಡಿಸಬೇಕು. ಟ್ರಸ್ಟ್ ಮಾಡೋದಾ, ಸಂಘ ಮಾಡೋದಾ? ಒಂದು ಕಂಪನಿಯವರು ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ) ದುಡ್ಡಲ್ಲಿ ಕಂಪ್ಯೂಟರ್ ಕೊಡಿಸ್ತೀವಿ ಅಂತಿದ್ದಾರೆ. ಸಂಸ್ಥೆ ಕಟ್ಟಿ ನಡೆಸಿದವರು ನೀವು, ಮೊದಲು ಏನು ನೋಡ್ಕೋಬೇಕು ಹೇಳಿ.

ಉತ್ತರ: ಸಂಘಕ್ಕೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಕನಿಷ್ಠ 7 ಜನ ಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಆಗಲೇಬೇಕು. ಟ್ರಸ್ಟ್ ಆದರೆ ಡೀಡ್ (ಟ್ರಸ್ಟಿನ ಉದ್ದೇಶ, ನಿಯಮಗಳ ಪತ್ರ) ಬರೆಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬಹುದು. ನೀವು ಐದೇ ಜನ ಇರೋದರಿಂದ ಟ್ರಸ್ಟ್ ಸಾಕು. ಆದರೆ ಡೀಡನ್ನು ಯಾರದೋ ನಕಲು ತಂದು ಬರೆಸಬೇಡಿ. ಟ್ರಸ್ಟಿಯ ಅವಧಿ ಎಷ್ಟು, ಜಗಳ ಬಂದರೆ ಯಾರು ತೀರ್ಮಾನಿಸಬೇಕು, ಟ್ರಸ್ಟ್ ಮುಚ್ಚಿದರೆ ಆಸ್ತಿ ಯಾವ ಥರದ ಸಂಸ್ಥೆಗೆ ಹೋಗಬೇಕು, ಇವೆಲ್ಲ ಗೆಳೆತನ ಚೆನ್ನಾಗಿರುವಾಗಲೇ ಬರೆದಿಡಿ.

ಕಂಪ್ಯೂಟರ್ ವಿಷಯ. ನಿಮ್ಮ ಮೂಲಕ ಸಿಎಸ್‌ಆರ್ ದುಡ್ಡು ಖರ್ಚು ಮಾಡಬೇಕಾದರೆ ಆದಾಯ ತೆರಿಗೆಯ 12ಎ (ಟ್ರಸ್ಟಿನ ಆದಾಯಕ್ಕೆ ವಿನಾಯಿತಿ), 80ಜಿ (ದಾನ ಕೊಟ್ಟವರಿಗೆ ವಿನಾಯಿತಿ) ನೋಂದಣಿ, ಸಿಎಸ್‌ಆರ್-1 ನಂಬರ್ (ಸಿಎಸ್‌ಆರ್ ಕೆಲಸ ಮಾಡುವ ಸಂಸ್ಥೆಗಳ ಸರ್ಕಾರಿ ನೋಂದಣಿ), ಇದೇ ಥರದ ಕೆಲಸದಲ್ಲಿ ಕನಿಷ್ಠ 3 ವರ್ಷದ ಅನುಭವ ಇರಬೇಕು. ಅದೆಲ್ಲ ಆಮೇಲಿನ ಮಾತು. ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಹೇಳಿಕೊಡುವವರಿಗೆ ಯಾರು ಕೊಡುತ್ತಾರೆ? ಸಾಮಾನು ಕೊಡಿಸುವವರು ಸುಲಭವಾಗಿ ಸಿಗ್ತಾರೆ, ಅದನ್ನು ನಡೆಸೋಕೆ ದುಡ್ಡು ಕೊಡುವವರು ಕಡಿಮೆ. ಕೇಳುವ ಪಟ್ಟಿಯಲ್ಲೇ ಸಂಬಳ, ಬಾಡಿಗೆ, ಆಡಿಟ್ ಫೀ ಸೇರಿಸಿ. ಸಂಕೋಚ ಪಡಬೇಡಿ.

ಇನ್ನೊಬ್ಬ ಸದಸ್ಯರು: ಸೇವೆ ಅಂದಮೇಲೆ ಸಂಬಳ ಯಾಕೆ ಮೇಡಂ?

ಉತ್ತರ: ಈ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತೆ ಸರ್. ಹಳ್ಳಿಯಲ್ಲಿ ಸಂಜೆ ಪಾಠ ಹೇಳೋಕೆ ಬರೋದು ಹೆಚ್ಚಾಗಿ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗಿ. ಮೊದಲು ಹುಮ್ಮಸ್ಸಿಂದ ಬರ್ತಾಳೆ. ಮನೇಲಿ ‘ಅದರಿಂದ ನಿನಗೇನು ಬಂತು’ ಅಂತ ಶುರುವಾದಾಗ ಬಿಡ್ತಾಳೆ. ಅವಳನ್ನು ನಂಬಿದ್ದ ಮಕ್ಕಳೂ ಒಬ್ಬೊಬ್ಬರೇ ಬಿಡ್ತಾರೆ. ನಾನು ಕಂಡಂತೆ ಸಣ್ಣ ಸಂಸ್ಥೆಗಳು ಮುಚ್ಚೋದು ಬಹಳ ಸಲ ಹೀಗೇ. ಟ್ರಸ್ಟಿಯೇ ಪೂರ್ತಿ ಹೊತ್ತು ದುಡಿದರೆ ಅವರಿಗೂ ಕೆಲಸಕ್ಕೆ ತಕ್ಕಷ್ಟು ಕೊಡಬಹುದು, ಡೀಡಿನಲ್ಲಿ ಅವಕಾಶವಿರಲಿ, ಸಭೆಯಲ್ಲಿ ಠರಾವಾಗಲಿ. ಮಿತಿ ಮೀರಿದರೆ ತೆರಿಗೆ ವಿನಾಯಿತಿಗೇ ಕುತ್ತು.

ಪ್ರಶ್ನೆ ಕೇಳಿದವರು: ತಿಳೀತು ಮೇಡಂ. ನಮ್ಮೂರಿನ ಒಬ್ಬರು ಮಸ್ಕತ್‌ನಲ್ಲಿದ್ದಾರೆ, ತಿಂಗಳಿಗಿಷ್ಟು ಅಂತ ಕಳಿಸ್ತಾರಂತೆ. ತಗೋಬಹುದಾ?

ಉತ್ತರ: ಅವರದು ಭಾರತದ ಪಾಸ್‌ಪೋರ್ಟೇ ಆಗಿದ್ದು, ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳೋದಿಲ್ಲ. ಪಾಸ್‌ಪೋರ್ಟಿನ ಪ್ರತಿ ತೆಗೆದಿಟ್ಟುಕೊಳ್ಳಿ. ಬೇರೆ ದೇಶದ ಪೌರತ್ವ ಪಡೆದವರಾದರೆ, ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಇದ್ದರೂ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿ ಇಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

ಅವರೊಬ್ಬರನ್ನೇ ನೆಚ್ಚಿಕೊಳ್ಳಬೇಡಿ. ಊರಿನ ಅಂಗಡಿಯವರು, ಬೆಂಗಳೂರಿಗೆ ದುಡಿಯೋಕೆ ಹೋದ ನಿಮ್ಮೂರ ಹುಡುಗರು ತಿಂಗಳಿಗೆ 200 ಕೊಟ್ಟರೂ ಪಡೆಯಿರಿ, ಪ್ರತಿಯೊಬ್ಬರಿಗೂ ರಸೀದಿ ಕೊಡಿ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟವರಿಗೆ 80ಜಿ ವಿನಾಯಿತಿ ಸಿಗಲ್ಲ, ಅದನ್ನು ಮೊದಲೇ ಹೇಳಿಬಿಡಿ. ಡೀಡಿನ ಕರಡು ಸಿದ್ಧವಾದ ಮೇಲೆ ಇಲ್ಲೇ ಹಾಕಿ, ಸಹಿಗೆ ಮುಂಚೆ ನೋಡಿಕೊಡ್ತೀನಿ.