‘ಆರೋಪಿ’ ಯಾರು, ಹೊರಿಸಿದವನೋ ಹೊತ್ತವನೋ?

ಶಿರಸಿ ಹತ್ತಿರ ಒಂದು ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ. ಸ್ಯಮಂತಕ ಮಣಿಯನ್ನು ಕೃಷ್ಣನೇ ಕದ್ದನೆಂದು ಸತ್ರಾಜಿತ ಆರೋಪ ಹೊರಿಸುವ ಕಥೆ. ಕೃಷ್ಣನ ಪಾತ್ರದ ಮಾತು ಆಡುತ್ತಿದ್ದವರು ಸತ್ರಾಜಿತನಿಗೆ, ‘ಆರೋಪ ಮಾಡಿದವ ನೀನು, ಹಾಗಾಗಿ ಆರೋಪಿಯೂ ನೀನೇ’ ಎಂದುಬಿಟ್ಟರು. ಸಭೆ ನಕ್ಕಿತು. ಆದರೆ ಪ್ರಶ್ನೆ ಸುಮ್ಮನೆ ಬಿಡುವಂಥದ್ದಲ್ಲ. ವಾದ ಮಾಡುವವ ವಾದಿ, ಫಿರ್ಯಾದು ಕೊಟ್ಟವ ಫಿರ್ಯಾದಿ. ಆರೋಪ ಮಾಡಿದವ ಯಾಕೆ ಆರೋಪಿ ಅಲ್ಲ?

ಫಿರ್ಯಾದಿ ಪಾರಸಿ ಮೂಲದ್ದು, ಅದು ಆಚೆಗಿರಲಿ. ಸಂಸ್ಕೃತದ ‘ಇನ್’ ಪ್ರತ್ಯಯಕ್ಕೆ ಎರಡು ಕೆಲಸ. ವಾದಿ ಎಂಬಲ್ಲಿ ಮಾಡುವವ. ರೋಗಿ, ಧನಿ, ಸುಖಿ ಎಂಬಲ್ಲಿ ಉಳ್ಳವ. ರೋಗ ಅಂಟಿಸಿದವನನ್ನು ಯಾರೂ ರೋಗಿ ಅನ್ನುವುದಿಲ್ಲ. ಆರೋಪಿಯೂ ಈ ಎರಡನೆಯ ಸಾಲಿನವನೇ. ‘ಆರೋಪಿತ’ ಎಂದು ಬರೆದರೆ ಗೊಂದಲವೇ ಇಲ್ಲ. ಪೊಲೀಸ್ ಪ್ರಕಟಣೆಗಳಲ್ಲಿ ಅದೂ ಉಂಟು.

ಪದದ ಮೂಲದಲ್ಲಿ ಅಪರಾಧದ ಸುಳಿವೂ ಇಲ್ಲ. ಧಾತು ‘ರುಹ್’, ಆರೋಹಣವೂ ಅದೇ ಮನೆಯದು. ಒಂದರ ಮೇಲೆ ಇನ್ನೊಂದನ್ನು ಏರಿಸಿ ಇಡುವುದು ಆರೋಪ. ‘ಮುಖವೇ ಕಮಲ’ ಎಂದರೆ ಅಲಂಕಾರಶಾಸ್ತ್ರದವರಿಗೆ ಅದು ಮುಖದ ಮೇಲೆ ಕಮಲದ ಆರೋಪ. ಕನ್ನಡದ ‘ಹೊರಿಸು’ ಇದಕ್ಕೆ ಎಷ್ಟು ಚೆನ್ನಾಗಿ ಒಗ್ಗಿದೆ ನೋಡಿ. ಗೂಬೆ ಕೂರಿಸುವುದೂ ಇನ್ನೊಬ್ಬರ ತಲೆ ಮೇಲೆಯೇ.

ಜೊತೆಗೆ ಬರುವ ಕ್ರಿಯಾಪದ ಗಮನಿಸಿದರೆ ದೂರು, ಅಪವಾದದಂಥ ನೆರೆಹೊರೆಯ ಪದಗಳ ಗುಣವೂ ತಿಳಿಯುತ್ತದೆ. ದೂರು ಕೊಡುತ್ತೇವೆ, ವಿಚಾರಿಸುವ ಅಧಿಕಾರ ಇದ್ದವರಿಗೆ. ಆರೋಪ ಹೊರಿಸುತ್ತೇವೆ, ಎದುರಿನವರ ಮೇಲೆ. ಅಪವಾದ ಮಾತ್ರ ತಾನಾಗಿಯೂ ಬರುತ್ತದೆ. ಚೌತಿ ಚಂದ್ರನನ್ನು ನೋಡಿದರೆ ಅಪವಾದ ಬರುತ್ತದೆ ಅನ್ನುತ್ತೇವೆಯೇ ಹೊರತು ಆರೋಪ ಬರುತ್ತದೆ ಅನ್ನುವುದಿಲ್ಲ. ಊರ ಬಾಯಿಗೆ ಕರ್ತೃಪದ ಎಲ್ಲಿಂದ ತರುವುದು? ಆಪಾದನೆಗೂ ಆರೋಪಕ್ಕೂ ಬಳಕೆಯಲ್ಲಿ ಅಂಥ ಅಂತರ ನನಗೆ ಕಂಡಿಲ್ಲ.

ಕಾರವಾರದ ಕೋರ್ಟಿನ ಸುದ್ದಿ ಬರೆಯುವವರಿಗೆ ಒಂದು ಮಾತು. ಪೊಲೀಸರು ಆರೋಪಪಟ್ಟಿ ಸಲ್ಲಿಸುವುದು ಬೇರೆ (ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 173ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193), ಯಾವ ಆರೋಪಗಳ ಮೇಲೆ ವಿಚಾರಣೆ ಎಂದು ನ್ಯಾಯಾಧೀಶರು ನಿಗದಿ ಮಾಡುವುದು ಬೇರೆ. ತೀರ್ಪಿಗೆ ಮೊದಲೇ, ಪಟ್ಟಿ ಸಲ್ಲಿಕೆಯಾದ ಮರುದಿನವೇ ‘ಅಪರಾಧಿ’ ಎಂದು ಅಚ್ಚು ಹಾಕುವುದು ಶುದ್ಧ ತಪ್ಪು.

ಇನ್ನು ಹೊರಿಸಿದವನಿಗೆ ಒಂದೇ ಪದ ಬೇಕಲ್ಲ. ದೂರುದಾರ ಅಂದರೆ ಸಾಲದು. ಠಾಣೆಯ ಮೆಟ್ಟಿಲು ಹತ್ತದೆ, ಜಗಲಿಯಲ್ಲಿ ಕವಳ (ಎಲೆಅಡಿಕೆ) ಹಾಕುತ್ತಲೇ ಆರೋಪ ಮಾಡುವವರಿದ್ದಾರೆ. ಕುಮಟಾ, ಹೊನ್ನಾವರದ ಆಡುಮಾತಿನಲ್ಲಿ ಅಂಥವರಿಗೆ ಏನಾದರೂ ಪದ ಇದ್ದರೆ ತಿಳಿಸಿ.