ಟೆರೇಸ್ ಸೋರಿಕೆ: ಕೋಬಾ ಒಡೆಸೋದಾ, ಶೀಟ್ ಹಾಕಿಸೋದಾ?

ಡೊಂಬಿವಲಿಯಿಂದ: ನಮ್ಮದು 1987ರ ನಾಲ್ಕು ಮಾಳಿಗೆಯ ಕಟ್ಟಡ, 16 ಮನೆ. ಟೆರೇಸಿನ ಕೋಬಾ (ನೀರು ಇಳಿಯದಂತೆ ಹಾಕುವ ಇಟ್ಟಿಗೆ ಚೂರು, ಗಾರೆಯ ಪದರ) ಅಂದಿನದೇ. ಎರಡು ಸಲ ಕೋಟಿಂಗ್ ಬಳಿಸಿಯೂ ಕಳೆದ ಮಳೆಗಾಲ ಅಮ್ಮ ಮಲಗುವ ಕೋಣೆಯಲ್ಲಿ ಮೂರು ಬಕೆಟ್ ಇಟ್ಟಿದ್ದೆವು. ಜೂನ್ ಒಳಗೆ ಏನಾದರೂ ಆಗಬೇಕು. ಮಾಡಿಸಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಮುಲುಂಡ್‌ನಿಂದ: ಒಡೆಸಿ. ನಮ್ಮಲ್ಲಿ ಒಡೆಸುವಾಗ ಸೊಸೈಟಿಗೆ, ಅಂದರೆ ಕಟ್ಟಡದ ಮನೆಯವರ ಸಂಘಕ್ಕೆ, ನಾನೇ ಕಾರ್ಯದರ್ಶಿ, ಒಂದೊಂದು ಚೀಟಿಯೂ ನನ್ನ ಹತ್ತಿರ ಉಂಟು. 1,400 ಚದರಡಿ. ಹೊಸ ಕೋಬಾಕ್ಕೆ ಅಡಿಗೆ 155ರಂತೆ 2,17,000. ಅದರ ಮೇಲೆ 18% ಜಿಎಸ್‌ಟಿ, 39,060. ಕೊಟೇಶನ್‌ನಲ್ಲಿ ಬರೆಯದೆ ಬಿಡುವ ಖರ್ಚು ಅಂದರೆ ಹಳೇ ಕೋಬಾ ಇಳಿಸುವುದು. ಲಿಫ್ಟ್ ಇಲ್ಲ, 1,100 ಗೋಣಿ ಮೆಟ್ಟಿಲಲ್ಲೇ ಇಳಿಯಿತು, ಗೋಣಿಗೆ 30ರಂತೆ 33,000. ಐದಿಂಚು ದಪ್ಪ ಅಂತ ತಿಳಿದಿದ್ದೆವು, ಒಂದು ಮೂಲೆಯಲ್ಲಿ ಎಂಟಿಂಚು! ಹಿಂದೆ ಯಾರೋ ಹಳೆಯದರ ಮೇಲೇ ಹೊಸದು ಹಾಕಿದ್ದರು, ಅಷ್ಟು ಭಾರ ಆ ಸ್ಲ್ಯಾಬ್ ಹೊತ್ತಿತ್ತು ಮಾರಾಯ್ರೆ. ಅಡಿಯಲ್ಲಿ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟು ಚಕ್ಕೆ ಚಕ್ಕೆ. ಕಂಬಿ ಉಜ್ಜಿಸಿ ಪಾಲಿಮರ್ ಗಾರೆ ತುಂಬಿಸಿದ್ದಕ್ಕೆ 87,000. ಒಟ್ಟು 3,76,060. ವಾಟಾ (ನೆಲವೂ ಗೋಡೆಯೂ ಕೂಡುವಲ್ಲಿನ ಗಾರೆ) ಪ್ಯಾರಪೆಟ್ಟಿನ, ಅಂದರೆ ಅಂಚುಗೋಡೆಯ, ಮೇಲೆ ಒಂದಡಿ ಹತ್ತಿಸಿದ್ದೇವೆ. ಏಳು ದಿನ ನೀರು ನಿಲ್ಲಿಸಿ ನೋಡಿದ ಮೇಲೆಯೇ ಕೊನೆಯ ಕಂತು ಕೊಟ್ಟದ್ದು, ಮೇಸ್ತ್ರಿ ಮುನಿಸಿಕೊಂಡರೂ ಬಿಡಲಿಲ್ಲ. ಮೂರು ಮಳೆಗಾಲ ಆಯಿತು, ಒಂದು ಹನಿ ಇಲ್ಲ.

ಕಾಂದಿವಲಿಯಿಂದ: ಒಡೆಸಿ ಅನ್ನುವುದು ಸುಲಭ. ನಮ್ಮ ಪಕ್ಕದ ವಿಂಗಿನಲ್ಲಿ ಮೆಶಿನ್ ಹಚ್ಚಿ ಒಡೆಯುವಾಗ ಕೆಳಗಿನ ಮನೆಯ ಸೀಲಿಂಗ್ ಪ್ಲಾಸ್ಟರೇ ಕಳಚಿ ಬಿತ್ತು. ಅದನ್ನು ಕಣ್ಣಾರೆ ಕಂಡು ನಾವು ಅನುಮತಿ ತೆಗೆದುಕೊಂಡು ಟೆರೇಸಿನ ಮೇಲೆ ಶೀಟಿನ ಚಾವಣಿ ಹಾಕಿಸಿದೆವು. 2021ರ ಮೇ 17ಕ್ಕೆ ತೌಕ್ತೆ ಚಂಡಮಾರುತ ಬಂತು. ಕೊಲಾಬಾದಲ್ಲಿ ಗಾಳಿ ಗಂಟೆಗೆ 114 ಕಿ.ಮೀ. ನಮ್ಮ 11 ಶೀಟ್ ಎದ್ದವು, ಒಂದು ಹೋಗಿ ಕಾರಿನ ಮೇಲೆ ಬಿತ್ತು. ಗಾಜಿಗೂ ಬಾನೆಟ್ಟಿಗೂ ಸೊಸೈಟಿ 46,500 ಕಟ್ಟಿತು. ಗಾಳಿ ಅಂಚು, ಮೂಲೆಗಳನ್ನೇ ಮೊದಲು ಎತ್ತುತ್ತದೆ ಅಂತ ಆಮೇಲೆ ಗೊತ್ತಾಯಿತು. ಈಗ ಹುಕ್ ತೆಗೆಸಿ ಸ್ಕ್ರೂ ಹಾಕಿಸಿದ್ದೇವೆ, ಅಂಚಿನ ಸಾಲಿಗೆ ಎರಡರಷ್ಟು. ಇಷ್ಟಾದರೂ ನಾನು ಶೀಟನ್ನೇ ಹೇಳುತ್ತೇನೆ. ಸ್ಲ್ಯಾಬ್ ಒಣಗಿದೆ.

ಮುಲುಂಡ್‌ನಿಂದ: ಕೊಡೆ ಹಿಡಿದರೆ ಗಾಯ ಮಾಯುತ್ತದಾ? ತುಕ್ಕು ಹಿಡಿದ ಕಂಬಿ ಒಳಗೇ ಉಂಟಲ್ಲ.

ಕಾಂದಿವಲಿಯಿಂದ: ನಮ್ಮ ಕಂಬಿ ನೀವು ಬಂದು ನೋಡಿದ್ದೀರಾ? ನೀರೇ ಇಳಿಯದಿದ್ದರೆ ತುಕ್ಕು ಎಲ್ಲಿಂದ ಬೆಳೆಯಬೇಕು?

ಪುಣೆ, ಕೋಥರೂಡದಿಂದ: ಇಬ್ರೂ ಜಗಳಾ ಬಿಡ್ರಿ, ನಮ್ಮದು ಕೇಳ್ರಿ. ನಾಕು ಎಂಎಂ ಮೆಂಬ್ರೇನ್ (ನೀರು ತಡಿಯೂ ಡಾಂಬರ ಹಾಳಿ) ಹಾಕಿಸಿದ್ವಿ, ಬೆಂಕಿ ಹಿಡದು ಅಂಟಸೂದು. ಅಡಿಗೆ 92 ರೂಪಾಯಿ. ಅವಕಾಳಿ (ಅಕಾಲದ) ಮಳಿ ಆಗಿ ಎರಡ ದಿನಕ್ಕ ಅಂಟಿಸಿಬಿಟ್ರು, ಸ್ಲ್ಯಾಬಿನ್ಯಾಗ ಹಸಿ ಇತ್ತು. ಏಪ್ರಿಲ್ ಬಿಸಿಲಿಗೆ ಅದು ಆವಿ ಆಗಿ ಮೆಂಬ್ರೇನ್ ಪೂರಿ ಹಂಗ ಉಬ್ಬಿತು. 23 ಗುಳ್ಳಿ, ನಾನ ಎಣಿಸೀನಿ. ಕೊಯ್ದು ತ್ಯಾಪಿ ಹಚ್ಚಿದ್ರು. ಅದೂ ತಡೀತಿತ್ತು, ಆದ್ರ ಮರುವರ್ಷ ಸೋಲಾರ್ ಹಾಕಾವ್ರು ಬಂದು ಸ್ಟ್ಯಾಂಡಿಗಂತ 32 ತೂತು ಕೊರದ್ರು! ಸಿಮೆಂಟಿನ ದಿಮ್ಮಿ ಮ್ಯಾಲ ಕೂಡಿಸಿದ್ರ ಒಂದು ತೂತೂ ಬ್ಯಾಡಾಗಿತ್ತು. ನೆನಸಿಕೊಂಡ್ರ ಇನ್ನೂ ಹೊಟ್ಟಿ ಉರೀತದ.

ಮಡಗಾಂವ್‌ನಿಂದ: ಪುಣೆಯದು ಒಂದು ಮಳೆಯಾ? ವರ್ಷಕ್ಕೆಲ್ಲ ಸೇರಿ 700 ಮಿ.ಮೀ. ಆಸುಪಾಸು. ಗೋವೆಯಲ್ಲಿ ಅಷ್ಟನ್ನು ಜುಲೈ ತಿಂಗಳೊಂದೇ ಸುರಿಸಿಬಿಡುತ್ತದೆ. ಈ ಕರಾವಳಿಗೆ ಚಪ್ಪಟೆ ಸ್ಲ್ಯಾಬೇ ತಪ್ಪು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚು ಸುಡಲು ಶುರು ಮಾಡಿದ್ದು ಸುಮ್ಮನೆ ಅಲ್ಲ. ನಾನು ಸ್ಲ್ಯಾಬಿನ ಮೇಲೆ ಕಬ್ಬಿಣದ ಪಕ್ಕಾಸು (ಹಂಚು ಹೊರುವ ತೊಲೆ) ಕೂರಿಸಿ 2,900 ಹಂಚು ಹೊದಿಸಿದೆ. ದಾರಿಯಲ್ಲಿ ಒಡೆದ 140 ಹಂಚಿನ ನಷ್ಟ ನನ್ನ ತಲೆಗೇ ಬಂತು. 4,10,000 ಆಯಿತು, ದುಃಖ ಇಲ್ಲ.

ಕೋಥರೂಡದಿಂದ: ಮಳಿ ಕಡಿಮಿ ಅಂತ ನಮ್ಮ ಮನಿ ಸೋರಲಿಲ್ಲೇನ್ರಿ? ಸ್ವಂತ ಮನಿ ಇದ್ದಾವ್ರು ಏನ್ ಬೇಕಾದ್ರೂ ಹೊದಿಸಬಹುದು. 16 ಮನಿಯವರನ್ನ ಒಂದ ಹಂಚಿಗೆ ಒಪ್ಪಿಸಿ ತೋರಸ್ರಿ.

ಕುರ್ಲಾದಿಂದ: ನಾನು ನೆಲಮಹಡಿಯವನು. ನಮ್ಮಲ್ಲಿ ಟೆರೇಸಿಗೆ ಅಂತ ಮನೆಗೆ 31,000 ಕೇಳಿದರು. ನನ್ನ ಮನೆ ಸೋರುವುದಿಲ್ಲ, ಕೊಡಲಿಲ್ಲ.

ಮುಲುಂಡ್‌ನಿಂದ: ಇಂಥವರಿಂದಲೇ ನಮ್ಮ ಕೆಲಸ ಒಂದು ವರ್ಷ ನಿಂತದ್ದು! ಮಳೆನೀರಿನ ಸೋರಿಕೆ ಸೊಸೈಟಿಯ ಖರ್ಚು ಅಂತ ಸೊಸೈಟಿಗಳ ಮಾದರಿ ಉಪವಿಧಿಯಲ್ಲೇ (ಬೈಲಾದಲ್ಲೇ) ಉಂಟು, ಓದಿ. ಟೆರೇಸ್ ಎಲ್ಲರದ್ದು.

ಕುರ್ಲಾದಿಂದ: ಓದಿದ್ದೇನೆ. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದಾಗ ನನ್ನ ಮನೆಯಲ್ಲಿ ಸೊಂಟದ ತನಕ ನೀರು. ಫ್ರಿಜ್, ಕಪಾಟು, ಮಗಳ ಪುಸ್ತಕ, ಎಲ್ಲ ಹೋಯಿತು. ಅಂದು ಮೇಲಿನವರಲ್ಲಿ ಯಾರು ಪಾಲು ಕೊಟ್ಟರು?

ಡೊಂಬಿವಲಿಯಿಂದ: ಒಂದು ಮಾತು ಬಿಟ್ಟಿದ್ದೆ. ಅಮ್ಮನ ಕೋಣೆಯ ಸರಿಯಾಗಿ ಮೇಲೆಯೇ ನೀರಿನ ಟಾಂಕಿ ಇದೆ. ಸೀಲಿಂಗಿನ ಕಲೆ ಈ ಫೆಬ್ರವರಿಯಲ್ಲೂ ಹಸಿಯಾಗಿದೆ. ಟಾಂಕಿಯಡಿ ಯಾರಾದರೂ ಒಡೆಸಿದ್ದೀರಾ?

ಮುಲುಂಡ್‌ನಿಂದ: ಟಾಂಕಿ ಉಂಟು ಅಂತ ಈಗ ಹೇಳುವುದಾ! ಮೊದಲು ಅದನ್ನು ಖಾಲಿ ಮಾಡಿಸಿ ನಾಲ್ಕು ದಿನ ಕಲೆ ನೋಡಿ. ಒಣಗುತ್ತಾ ಬಂದರೆ ಟಾಂಕಿ ಅಥವಾ ಅದರ ಪೈಪಿನದ್ದೂ ಪಾಲು ಉಂಟು. ಅದನ್ನು ಬಿಟ್ಟು ಬರೀ ಕೋಬಾ ಒಡೆಸಿದರೆ ದುಡ್ಡು ನೀರಿಗೆ.

ಕುರ್ಲಾದಿಂದ: ನಾನು ಕೇಳಿದ್ದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.