ಅಪ್ಪ-ಅಮ್ಮನನ್ನು ಮುಂಬೈಯಲ್ಲಿ ಎಲ್ಲಿ ಊಟಕ್ಕೆ ಕರೆದುಕೊಂಡು ಹೋಗಲಿ?

ಹೊಸದಾಗಿ ಮುಂಬೈ ಪಕ್ಕದ ಠಾಣೆ ಊರಿಗೆ ಬಂದಿದ್ದೇನೆ. ಜುಲೈಯಲ್ಲಿ ದಾವಣಗೆರೆಯಿಂದ ಅಪ್ಪ, ಅಮ್ಮ, ತಮ್ಮ ಬರುತ್ತಿದ್ದಾರೆ. ಒಂದು ವಾರ ಇರುತ್ತಾರೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಪ್ಪನಿಗೆ ಮಂಡಿನೋವು. ನನಗೂ ತಮ್ಮನಿಗೂ ಮೀನು ಇಷ್ಟ. ತುಂಬಾ ದುಬಾರಿ ಜಾಗ ಬೇಡ. ಅಮ್ಮನಿಗೆ ಒಗ್ಗುವ ಊಟ ಸಿಗಬೇಕು, ಮುಂಬೈದೇ ಆದ ರುಚಿಯನ್ನೂ ಅವರು ನೋಡಬೇಕು. ಇಲ್ಲಿ ಇರುವವರು ನಿಮ್ಮ ಅನುಭವ ಹೇಳ್ತೀರಾ?

ಮಾಟುಂಗಾದಲ್ಲಿ ಬೆಳೆದ ಒಬ್ಬರು:

ಮೊದಲ ದಿನವೇ ಮಾಟುಂಗಾಗೆ ಕರೆದುಕೊಂಡು ಬನ್ನಿ, ನಮ್ಮ ಕಡೆಯ ಸಸ್ಯಾಹಾರಿ ಹೋಟೆಲುಗಳಿರುವ ಬಡಾವಣೆ ಇದು. ಅಮ್ಮ ಒಮ್ಮೆ ಇಲ್ಲಿ ಹೊಟ್ಟೆ ತುಂಬಾ ತಿಂದರೆ ಉಳಿದ ದಿನಗಳ ಚಿಂತೆ ಅರ್ಧ ಕಡಿಮೆಯಾಗುತ್ತದೆ. ಠಾಣೆಯಿಂದ ಸ್ಲೋ ಲೋಕಲ್ ರೈಲು ಹಿಡಿಯಿರಿ, ಫಾಸ್ಟ್ ಗಾಡಿ ಇಲ್ಲಿ ನಿಲ್ಲುವುದಿಲ್ಲ. ಮಾಟುಂಗಾ ರೋಡ್ ಅಂತ ಇನ್ನೊಂದು ಸ್ಟೇಷನ್ ಇದೆ. ಅದು ವೆಸ್ಟರ್ನ್ ಲೈನಿನದು, ಗೊಂದಲ ಮಾಡಿಕೊಳ್ಳಬೇಡಿ.

ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದರೆ ರಾಮ್ ಆಶ್ರಯ. 1939ರ ಹೋಟೆಲು. ಬೆಳಗ್ಗೆ ಬೇಗ ತೆರೆಯುತ್ತದೆ, ಆ ಹೊತ್ತಿಗೇ ಹೋಗಿ. ಇಡ್ಲಿ, ಉಪ್ಪಿಟ್ಟು, ಫಿಲ್ಟರ್ ಕಾಫಿ, ಜೊತೆಗೆ ಅನಾನಸ್ ಶೀರಾ. ಅಂದರೆ ನಮ್ಮ ಕೇಸರಿಬಾತಿನ ಜಾತಿಯದೇ. ಭಾನುವಾರ ಎಂಟು ಗಂಟೆ ದಾಟಿದರೆ ಹೊರಗೆ ನಿಲ್ಲಬೇಕಾಗುತ್ತದೆ. ಮಂಡಿನೋವಿರುವ ಹಿರಿಯರನ್ನು ಹಾಗೆ ನಿಲ್ಲಿಸುವುದು ಬೇಡ. ಮುಂಬೈಯಲ್ಲಿ ಎಲ್ಲಿ ಅನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಹೋಗುತ್ತೀರಿ ಅನ್ನುವುದೇ ಮುಖ್ಯ. ಒಳ್ಳೆಯ ಹೋಟೆಲಿಗೆ ತಪ್ಪು ಹೊತ್ತಿನಲ್ಲಿ ಹೋದರೆ ಊಟದ ಖುಷಿಯೇ ಇರುವುದಿಲ್ಲ.

ಕಿಂಗ್ಸ್ ಸರ್ಕಲ್ ಕಡೆ ಕೆಫೆ ಮದ್ರಾಸ್ ಇದೆ. ಹೆಸರು ಮದ್ರಾಸ್ ಆದರೂ ಶುರು ಮಾಡಿದ್ದು ಕಾಮತರು, 1940ರಲ್ಲಿ. ರಸಂ ಇಡ್ಲಿ, ರಾಗಿ ಮಸಾಲೆ ದೋಸೆ, ನೀರು ದೋಸೆ ಎಲ್ಲ ಸಿಗುತ್ತದೆ. ಸೋಮವಾರ ರಜೆ. ನನ್ನ ಅಮ್ಮನಿಗೆ ಊರಿನ ನೆನಪಾದರೆ ಇಲ್ಲಿನ ಬಿಸಿಬೇಳೆಬಾತೇ ಆಗಬೇಕು.

ಮಧ್ಯಾಹ್ನದ ಊಟಕ್ಕೆ ನನ್ನ ಆಯ್ಕೆ ಒಂದೇ: ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್. 1942ರಿಂದ ಇದೆ, ಸ್ಟೇಷನ್ ಪಕ್ಕದಲ್ಲೇ. ಬಾಳೆ ಎಲೆ ಹಾಕಿ ಬಡಿಸುತ್ತಾರೆ. ಅನ್ನ, ಸಾರು, ಸಾಂಬಾರು, ಪಲ್ಯ, ಹಪ್ಪಳ, ಕೊನೆಗೆ ಮಜ್ಜಿಗೆ. ಅಡುಗೆಮನೆ ನೋಡಬೇಕು ಅಂದರೆ ಒಳಗೆ ಬಿಡುತ್ತಾರೆ. ಹೊರಗಿನ ಊಟಕ್ಕೆ ಹಿಂಜರಿಯುವ ಎಷ್ಟೋ ಹಿರಿಯರಿಗೆ ಈ ಒಂದು ಕಾರಣಕ್ಕೇ ನೆಮ್ಮದಿಯಾಗಿದೆ. ಆದರೆ ಮೊದಲ ಮಹಡಿ, ಮೆಟ್ಟಿಲು ಹತ್ತಬೇಕು. ಅಪ್ಪನವರಿಗೆ ಆಗುತ್ತದಾ ನೋಡಿಕೊಳ್ಳಿ. ಇಲ್ಲೂ ಸೋಮವಾರ ರಜೆ. ಹಾಗಾಗಿ ಮಾಟುಂಗಾ ಕಾರ್ಯಕ್ರಮವನ್ನು ಮಂಗಳವಾರದಿಂದ ಶುಕ್ರವಾರದೊಳಗೆ ಇಟ್ಟುಕೊಳ್ಳಿ. ಊಟದ ಮೊದಲ ಪಂಕ್ತಿಗೇ ಹೋಗಿ.

ಒಂದು ಮಾತು. ಊರ ತುಂಬಾ ಉಡುಪಿ ಹೋಟೆಲು ಅನ್ನುವ ಬೋರ್ಡ್ ಕಾಣುತ್ತದೆ. ಬಹಳ ಕಡೆ ಪಾವ್ ಭಾಜಿ, ಚೈನೀಸ್ ಎಲ್ಲ ಇರುತ್ತದೆ, ಸಾಂಬಾರು ಸ್ವಲ್ಪ ಸಿಹಿ. ಇಲ್ಲಿನ ಗಿರಾಕಿಗಳ ನಾಲಿಗೆಗೆ ತಕ್ಕ ಹಾಗೆ ಅವರು ಬದಲಾಗಿದ್ದಾರೆ, ಅದು ತಪ್ಪಲ್ಲ. ಅಮ್ಮನಿಗೆ ಮೊದಲೇ ಹೇಳಿಟ್ಟಿರಿ, ಅಷ್ಟೇ.

ದಾದರಿನಿಂದ:

ಮಾಟುಂಗಾದಲ್ಲೇ ವಾರ ಕಳೆದರೆ ಮುಂಬೈ ರುಚಿ ನೋಡಿದ ಹಾಗಾಗಲ್ಲ, ಅಲ್ವಾ? ಸಿದ್ಧಿವಿನಾಯಕನ ದರ್ಶನಕ್ಕೆ ಹೇಗೂ ಹೋಗುತ್ತೀರಿ. ಮಂಗಳವಾರ ಬಿಟ್ಟು ಹೋಗಿ, ಅವತ್ತು ಜನ ಜಾಸ್ತಿ. ಅಲ್ಲಿಂದ ಟ್ಯಾಕ್ಸಿಯಲ್ಲಿ ಶಿವಾಜಿ ಪಾರ್ಕ್ ಕಡೆ ಬನ್ನಿ. ಆಸ್ವಾದ್ ಅನ್ನುವ ಹೋಟೆಲಿನಲ್ಲಿ ಮಿಸಳ್ (ಮೊಳಕೆ ಕಾಳಿನ ಖಾರದ ಸಾರು), ಥಾಲಿಪೀಠ್ ತಿನ್ನಿಸಿ. ಥಾಲಿಪೀಠ್ ನಮ್ಮ ಕಡೆಯ ತಾಲಿಪಟ್ಟೇ, ಅಮ್ಮನಿಗೆ ಖಂಡಿತ ಹಿಡಿಸುತ್ತದೆ. ಹತ್ತಿರದಲ್ಲೇ ಪ್ರಕಾಶ್ ಹೋಟೆಲು ಇದೆ. ಸಾಬೂದಾನ ವಡೆ ತಿಂದು ಪೀಯೂಷ್ ಕುಡಿಯಿರಿ. ಅದು ಶ್ರೀಖಂಡದ ರುಚಿಯ ತಂಪು ಪಾನೀಯ. ಬರುವ ದಿನಗಳಲ್ಲಿ ಆಷಾಢ ಏಕಾದಶಿ ಬಂದು ಅಮ್ಮ ಉಪವಾಸ ಮಾಡುವವರಾದರೆ ಈ ವಡೆ ಇನ್ನೂ ಅನುಕೂಲ. ಇಲ್ಲಿಯವರು ಉಪವಾಸಕ್ಕೆ ಇದನ್ನೇ ತಿನ್ನುವುದು.

ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ರೈಲು ನಿಲ್ದಾಣ) ನೋಡಲು ಹೋದಾಗ ಎದುರಿನ ಹೋಟೆಲು ಆರಾಮ್‌ನಲ್ಲಿ ವಡಾ ಪಾವ್. ಮಳೆಯಲ್ಲಿ ಅದರಷ್ಟು ಹಿತವಾದದ್ದು ಬೇರೆ ಇಲ್ಲ. ರಸ್ತೆ ಬದಿಯ ಚಟ್ನಿ, ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಪಾನೀಯ ಮಾತ್ರ ಜುಲೈಯಲ್ಲಿ ಬೇಡವೇ ಬೇಡ. ಬಿಸಿಯಾಗಿ ಕಣ್ಣೆದುರು ಕರಿದದ್ದನ್ನೇ ಕೊಡಿಸಿ. ನೀರು ಮನೆಯಿಂದ ತನ್ನಿ.

ಲೋಕಲ್‌ನಲ್ಲಿ ಬೆಳಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದೂವರೆಯಿಂದ ಒಂಬತ್ತು, ಈ ಎರಡು ಹೊತ್ತಿನಲ್ಲಿ ಅಪ್ಪ ಅಮ್ಮನನ್ನು ಹತ್ತಿಸಬೇಡಿ, ದಯವಿಟ್ಟು.

ಮಂಗಳೂರಿನವರು, ಈಗ ದಕ್ಷಿಣ ಮುಂಬೈಯ ಫೋರ್ಟ್‌ನಲ್ಲಿ ಕೆಲಸ:

ಮೀನಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ನೀವಿಬ್ಬರೂ ಒಂದು ಮಧ್ಯಾಹ್ನ ಫೋರ್ಟ್‌ಗೆ ಬನ್ನಿ. ಮಹೇಶ್ ಲಂಚ್ ಹೋಮ್, ಅಪೂರ್ವ, ಎರಡರಲ್ಲೂ ನಮ್ಮ ಕರಾವಳಿ ಅಡುಗೆ. ಗಸಿ (ತೆಂಗಿನಕಾಯಿ ಮಸಾಲೆಯ ದಪ್ಪ ಸಾರು), ನೀರು ದೋಸೆ, ತವಾ ಫ್ರೈ. ಏಡಿ, ದೊಡ್ಡ ಸಿಗಡಿಗೆ ಕೈ ಹಾಕಿದರೆ ಬಿಲ್ಲು ಏರುತ್ತದೆ, ಬೆಲೆ ಕೇಳಿಯೇ ಆರ್ಡರ್ ಮಾಡಿ. ಅದೇ ಹೊತ್ತಿಗೆ ಅಪ್ಪ ಅಮ್ಮನನ್ನು ಕಾಲಬಾದೇವಿಯ ಶ್ರೀ ಠಾಕರ್ ಭೋಜನಾಲಯದಲ್ಲಿ ಗುಜರಾತಿ ಥಾಲಿಗೆ ಬಿಡಬಹುದು ಅಂತ ಅನಿಸುತ್ತದೆ. ಆದರೆ ಹೊಸ ಊರಿನಲ್ಲಿ ಅವರಿಬ್ಬರನ್ನೇ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಅವರು ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳುವ ದಿನ ನೀವು ಫೋರ್ಟ್‌ಗೆ ಬನ್ನಿ. ಠಾಕರ್‌ಗೆ ಎಲ್ಲರೂ ಒಟ್ಟಿಗೆ ಇನ್ನೊಂದು ದಿನ ಹೋಗಿ.

ಒಂದು ತೊಂದರೆ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅದು. ತಾಜಾ ಬಂಗುಡೆ, ಅಂಜಲ್ ಕಡಿಮೆ, ಬೆಲೆಯೂ ಜಾಸ್ತಿ. ಮಾಣಿಯನ್ನು ಕೇಳಿ, ಇವತ್ತು ಏನು ತಾಜಾ ಇದೆ ಅಂತ. ಎಲ್ಲ ಫ್ರೀಜರಿನದು ಅಂದರೆ ಸುಮ್ನೆ ಕೋರಿ ರೊಟ್ಟಿ (ಕೋಳಿ ಸಾರು, ಗರಿಗರಿ ಅಕ್ಕಿ ರೊಟ್ಟಿ) ತೆಗೆದುಕೊಳ್ಳಿ. ತಮ್ಮನಿಗೆ ಮೀನೇ ಬೇಕು ಅಂದರೆ ಆಗಸ್ಟ್ ಕೊನೆಯಲ್ಲಿ ಅವನೊಬ್ಬನನ್ನು ಮತ್ತೆ ಕರೆಸಿಕೊಳ್ಳಿ.